ಬಿಳಿ ದಾರದ ಬಟ್ಟಲು

"ಅವತ್ತು ಎಂಗಿತ್ತೋ ಅಂಗೇ ಇಟ್ಟಿದೀನಿ ಅಮ್ಮಾ," ಎಂದಳು ಗಂಗೋತ್ರಿ. "ಕುರ್ಚಿನೂ ಸರಿಸಿಲ್ಲ."

ಸರ್ವಮಂಗಳಮ್ಮ ಕನ್ನಡಕ ಒರೆಸಿ ಹಾಕಿಕೊಂಡು ಮೇಜಿನ ಸುತ್ತ ಒಂದು ಸಲ ನಡೆದು ಬಂದರು. ಮೂರು ದಿನದ ಹಿಂದೆ ಇದೇ ಮೇಜಿನಲ್ಲಿ ಉಂಡೆದ್ದು ಮೆಟ್ಟಿಲ ಬಳಿ ಕುಸಿದು ಬಿದ್ದ ಕೊಟ್ರಬಸಪ್ಪನವರು ಇನ್ನೂ ಬಳ್ಳಾರಿಯ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ಅವರ ಹೊಟ್ಟೆಯಲ್ಲಿ ನಿದ್ದೆ ಮಾತ್ರೆ ಸಿಕ್ಕಿತ್ತು. ಅಡುಗೆ ಮಾಡಿದ ಚನ್ನರಿಯನ್ನು ನಾಳೆ ಬೆಳಿಗ್ಗೆ ಅನಂತಪುರಕ್ಕೆ ಸಾಗಿಸುವುದೆಂದು ಪೊಲೀಸರು ತೀರ್ಮಾನಿಸಿದ್ದರು.

ಬಳ್ಳಾರಿ ರಸ್ತೆಯ ಆ ಕಟ್ಟಡದ ಕೆಳಗಿನ ಅಂತಸ್ತುಗಳಲ್ಲಿ ಜೀನ್ಸ್ ಹೊಲಿಯುವ ಮಷೀನುಗಳು ಓಡುತ್ತಿದ್ದವು. ಮೇಲಿನದರಲ್ಲಿ ಗಂಗೋತ್ರಿಯ ಹೋಟೆಲು, 'ತೊನ್ಲೆ'. ಕಾಂಬೋಡಿಯಾದವರ ಮಾತಿನಲ್ಲಿ ಹಾಗೆಂದರೆ ಹೊಳೆ. ಬಿದಿರಿನ ತೆರೆಗಳು, ತಾವರೆ ಮೊಗ್ಗಿನಂಥ ದೀಪಗಳು, ಗೋಡೆಯುದ್ದಕ್ಕೂ ಗಾಜು, ಗಾಜಿನಾಚೆ ಸಂಜೆ ಬಿಸಿಲಿಗೆ ಕೆಂಪಾದ ದುರ್ಗದ ಬೆಟ್ಟ. ಇಂಥದ್ದೊಂದು ಹೋಟೆಲು ಬಳ್ಳಾರಿಯಲ್ಲೂ ಇರಲಿಲ್ಲ. ರಾಯದುರ್ಗದಲ್ಲಿ ಯಾರು ಬಂದು ಉಣ್ಣುತ್ತಾರೆ ಎಂದು ಊರು ನಗುವಷ್ಟರಲ್ಲೇ ಅದಕ್ಕೆ ಬೀಗ ಬಿದ್ದಿತ್ತು.

ಉದ್ಘಾಟನೆಯ ದಿನ ಗಂಗೋತ್ರಿ ಕರೆದವರೆಲ್ಲ ಒಂದಲ್ಲ ಒಂದು ಕಾಲದಲ್ಲಿ ಅವಳಿಗೆ ಅನ್ನ ಕೊಟ್ಟವರೇ. ಮಡಕಶಿರದಾಚೆಯ ರತ್ನಗಿರಿ ಕಡೆಯಿಂದ ಉಟ್ಟ ಬಟ್ಟೆಯಲ್ಲಿ ಬಂದ ಹುಡುಗಿಯನ್ನು ಮಷೀನಿಗೆ ಕೂರಿಸಿದವರು ಕೊಟ್ರಬಸಪ್ಪ. ಮಧ್ಯಾಹ್ನ ಅವರ ಮನೆಯಿಂದ ಅವಳಿಗೂ ಸೇರಿಸಿಯೇ ರೊಟ್ಟಿ ಬರುತ್ತಿತ್ತು. ಮುಂದೆ ಕೈಗೆ ಕೆಲಸ ಹತ್ತಿ, ಕಾಂಬೋಡಿಯಾದ ಗಾರ್ಮೆಂಟ್ಸಿಗೆ ಹೊಲಿಗೆ ಕಲಿಸುವವಳಾಗಿ ಹೋದಾಗ ಅಲ್ಲಿ ವಿಷಮಶೀತ ಜ್ವರ ಬಂದು ಮಲಗಿದ್ದಳು. ಪಕ್ಕದ ಕೋಣೆಯ ಚನ್ನರಿ ದಿನಾ ಗಂಜಿ ಕುಡಿಸಿ ಎಬ್ಬಿಸಿ ಕೂರಿಸಿದ್ದಳು. ಎರಡೂ ಊರಿನ ಅನ್ನದ ಋಣವನ್ನು ಒಂದೇ ಮೇಜಿನ ಮೇಲೆ ತೀರಿಸಬೇಕೆಂಬ ಆಸೆಯಿಂದಲೇ ಗಂಗೋತ್ರಿ ಆಕೆಯನ್ನು ಕರೆತಂದಿದ್ದಳು.

ಈಗ ಅದೇ ಚನ್ನರಿ ಒಳಗೆ ಅಡುಗೆಮನೆಯಲ್ಲಿ ಕಾವಲಲ್ಲಿದ್ದಳು. ಕೊಟ್ರಬಸಪ್ಪ ಬಿದ್ದ ಕೂಡಲೇ ಹಿಂದಿನ ಮೆಟ್ಟಿಲಿಳಿದು ಓಡಿದಳು ಎಂಬುದೇ ಅವಳ ಮೇಲಿನ ದೊಡ್ಡ ಆರೋಪ. ಆಟೋ ಕರೆತರಲು ಓಡಿದ್ದು, ಆಟೋ ಬಂದದ್ದೂ ಅವಳಿಂದಲೇ ಎಂದು ಗಂಗೋತ್ರಿ ಎಷ್ಟು ಹೇಳಿದರೂ ಕೇಳುವವರಿರಲಿಲ್ಲ. ಕಾವಲಿಗೆ ಬಂದ ಕಾನ್‌ಸ್ಟೇಬಲ್ ಈಶ್ವರಮ್ಮ ಮಾತ್ರ ತನಗೆಂದು ಹಾಕಿದ್ದ ಕುರ್ಚಿಯನ್ನು ಚನ್ನರಿಗೆ ಕೊಟ್ಟು, ತಾನು ಅಕ್ಕಿ ಮೂಟೆಯ ಮೇಲೆ ಕೂತಿದ್ದಳು. ಬರುವಾಗ ಅದನ್ನು ಕಂಡ ಸರ್ವಮಂಗಳಮ್ಮನಿಗೆ ಮನಸ್ಸು ಸ್ವಲ್ಪ ಹಗುರಾಗಿತ್ತು.

"ಮೇಡಂ, ನಿಮ್ಮ ಮಾತಿಗೋಸ್ಕರ ಒಪ್ಕೊಂಡೆ," ಎಂದ ಎಸ್‌ಐ ರಾಮಾಂಜಿ ಕುರ್ಚಿ ಎಳೆದುಕೊಳ್ಳುತ್ತ. ಕಾಲೇಜಿನಲ್ಲಿ ಅವರ ಕೈಯಲ್ಲಿ ಇತಿಹಾಸ ಓದಿದವನು. ಅವರ ಮುಂದೆ ಇಂದಿಗೂ ಟೋಪಿ ತೆಗೆದೇ ಕೂರುತ್ತಿದ್ದ. "ಅವತ್ತಿನ ಊಟ ಇನ್ನೊಂದು ಸಲ ಮಾಡಿಸಿದ್ರೆ ಏನು ಸಿಗ್ತದೋ ನಂಗೊತ್ತಿಲ್ಲ." ಮುಂದಿಟ್ಟಿದ್ದ ಊಟದ ಕಡ್ಡಿಗಳೆರಡನ್ನು ಎತ್ತಿ ನೋಡಿ, ಇವು ಹಲ್ಲಿಗಾ ಎಂದು ಕೇಳಿದ. ಗಂಗೋತ್ರಿ ಅಷ್ಟು ದುಃಖದಲ್ಲೂ ನಕ್ಕು, ಅವನ ಮುಂದೆ ಚಮಚ ಇಟ್ಟಳು.

ಇನ್ನೊಂದು ಕುರ್ಚಿಯಲ್ಲಿ ಕೊಟ್ರಬಸಪ್ಪನವರ ಸೊಸೆ ವಿದ್ಯಾಶ್ರೀ ಕೂತಿದ್ದಳು. ತುಂಬಿದ ಬಸುರಿ. ಅವಳನ್ನು ಈ ಹೊತ್ತಿನಲ್ಲಿ ಕರೆಸುವುದು ಸರ್ವಮಂಗಳಮ್ಮನಿಗೆ ಇಷ್ಟವಿರಲಿಲ್ಲ. ಆದರೆ ಅವತ್ತು ಮಾವನ ಪಕ್ಕ ಕೂತಿದ್ದವಳು ಅವಳೇ. ಮಾವನ ಬಟ್ಟಲು ಇದೇ ಎಂದು ಪೊಲೀಸರಿಗೆ ತೋರಿಸಿದವಳೂ ಅವಳೇ. ಕೊಟ್ರಬಸಪ್ಪನವರ ಕುರ್ಚಿ ಖಾಲಿ ಇತ್ತು. ಅದರ ಮುಂದೆಯೂ ಊಟದ ಸಾಮಾನು ಒಪ್ಪವಾಗಿ ಜೋಡಿಸಲಾಗಿತ್ತು.

ಬಟ್ಟಲು ಅದಲು ಬದಲಾಗಲು ಅವಕಾಶವಿತ್ತೇ ಎಂದು ಸರ್ವಮಂಗಳಮ್ಮ ಕೇಳಿದರು. ಗಂಗೋತ್ರಿ ಇಲ್ಲವೆಂದಳು. ಹೊಲಿಗೆ ಯೂನಿಟ್ಟಿನಲ್ಲಿ ಕತ್ತರಿಸಿದ ಬಟ್ಟೆಯ ಕಟ್ಟುಗಳಿಗೆ ಬಣ್ಣದ ಚಿಂದಿ ಕಟ್ಟಿ, ಯಾವುದು ಯಾರ ಮಷೀನಿಗೆ ಎಂದು ಗುರುತು ಮಾಡುತ್ತಾರಲ್ಲ, ಹಾಗೇ ಅವಳು ಪ್ರತಿ ಬಟ್ಟಲಿನ ಬುಡಕ್ಕೆ ಜೀನ್ಸ್ ದಾರ ಸುತ್ತಿದ್ದಳು. ಖಾರ ಆಗದ ಕೊಟ್ರಬಸಪ್ಪನವರಿಗೆ ಬಿಳಿ. ವಿದ್ಯಾಶ್ರೀಗೆ ಹಳದಿ. ಬಡಿಸುವ ಕೈ ಸಾಲದೆ ಅವತ್ತು ಬಂದವರೇ ಎದ್ದು ಒಬ್ಬರಿಗೊಬ್ಬರು ಬಟ್ಟಲು ತಂದುಕೊಟ್ಟರು. ಆದರೂ ದಾರ ನೋಡಿಕೊಂಡೇ ತಂದರು, ಒಂದೂ ತಪ್ಪಲಿಲ್ಲ ಎಂದಳು.

"ಆ ಬಟ್ಟಲು ಎಲ್ಲಿದೆ ರಾಮಾಂಜಿ?"

ಸ್ಟೇಷನ್ನಿನಲ್ಲಿ ಸೀಲಾಗಿದೆ, ನಾಳೆ ಚನ್ನರಿಯ ಜೊತೆಗೇ ಲ್ಯಾಬಿಗೆ ಹೋಗುತ್ತದೆ ಎಂದು ಹೇಳಿ, ಅವನು ಫೋನಿನಲ್ಲಿದ್ದ ಫೋಟೋ ತೆಗೆದು ಕೈಗೆ ಕೊಟ್ಟ. ಬಿಳಿ ಪಿಂಗಾಣಿ ಬಟ್ಟಲು. ಬುಡದಲ್ಲಿ ಬಿಳಿ ದಾರ. ಒಳಗೆ ಅರ್ಧಕ್ಕರ್ಧ ಉಳಿದ ಶಾವಿಗೆ.

ಸರ್ವಮಂಗಳಮ್ಮ ಆ ಫೋಟೋವನ್ನು ಬಹಳ ಹೊತ್ತು ನೋಡಿದರು.

ಕೊಟ್ರಬಸಪ್ಪ ಅವರ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದರು. ಗಂಡ ಇದ್ದ ಕಾಲದಿಂದಲೂ ಬಂದು ಹೋಗುವವರು. ಉಣ್ಣುವ ಮುಂಚೆ ಹಣೆಗೆ ವಿಭೂತಿ; ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿಂದ ಸುತ್ತ ತೊಳೆದು, ಆ ನೀರನ್ನು ಕುಡಿದು, ತಟ್ಟೆ ಒರೆಸಿಟ್ಟೇ ಏಳುತ್ತಿದ್ದರು. ಪ್ರಸಾದ ಚೆಲ್ಲಬಾರದು ಎಂಬುದು ಅವರ ಮನೆತನದ ನಡವಳಿಕೆ. ಮದುವೆ ಊಟದಲ್ಲೂ ಬಿಟ್ಟವರಲ್ಲ. ಒಮ್ಮೆ ರೈಲಿನಲ್ಲಿ ಕಾಗದದ ತಟ್ಟೆಯಲ್ಲಿ ಉಪ್ಪಿಟ್ಟು ತಿಂದು, ಅದನ್ನೂ ತೊಳೆದು ಕುಡಿಯಹೋಗಿ ತಟ್ಟೆ ತೂತಾಗಿ ಪಂಚೆಯೆಲ್ಲ ಒದ್ದೆ ಮಾಡಿಕೊಂಡದ್ದನ್ನು ಅವರೇ ಹೇಳಿ ನಕ್ಕಿದ್ದರು.

ಅಂಥವರು ಬಟ್ಟಲಲ್ಲಿ ಅರ್ಧ ಊಟ ಬಿಟ್ಟು ಏಳುವುದೆಂದರೇನು?

ರಾಮಾಂಜಿ ಮಡಕಶಿರದ ಒಕ್ಕಲು ಮನೆಯವನು, ಅವನಿಗೆ ಇದು ತಿಳಿಯುವ ಸಂಗತಿಯಲ್ಲ. ಆದರೆ ವಿದ್ಯಾಶ್ರೀ? ಆ ಮನೆಗೆ ಬಂದ ದಿನದಿಂದ ಮಾವ ತೊಳೆದಿಟ್ಟ ತಟ್ಟೆಯನ್ನೇ ಎತ್ತಿದವಳು. ಸರ್ವಮಂಗಳಮ್ಮ ಫೋನನ್ನು ಹಿಂದಿರುಗಿಸಿದರು.

ಅಷ್ಟರಲ್ಲಿ ಬಿದಿರಿನ ತೆರೆ ಸರಿಸಿ ಗಂಗೋತ್ರಿ ಬಟ್ಟಲುಗಳನ್ನು ತಂದಳು. ತೆಂಗಿನ ಹಾಲಿನ ಬಿಸಿ ಪರಿಮಳ, ಅದರ ಹಿಂದೆ ನಿಂಬೆ ವಾಸನೆಯ ಮಜ್ಜಿಗೆ ಹುಲ್ಲಿನ ಘಮ. ಒತ್ತಿದ ಅಕ್ಕಿ ಶಾವಿಗೆಯ ಮೇಲೆ ಅರಿಶಿನದ ಸಾರು, ಎಳೆ ಎಳೆಯಾಗಿ ಹೆಚ್ಚಿದ ಬಾಳೆಹೂವು, ಸೌತೆಕಾಯಿ. ಚನ್ನರಿಯ ಊರಿನಲ್ಲಿ ಇದಕ್ಕೆ ಮೀನು ಹಾಕುತ್ತಾರೆ. ಈ ಮೇಜಿನವರಿಗೆಂದು ಅವಳು ಮೀನಿನ ಬದಲು ಮಡಕಶಿರದ ಕಡಲೆಕಾಯಿ ಹುರಿದು ಅರೆದು ಹಾಕಿದ್ದಳು. ಮೀನು ಮುಟ್ಟಿದ ಪಾತ್ರೆ ಬೇಡವೆಂದು ಹೊಸ ಪಾತ್ರೆಗಳನ್ನೇ ಕೊಂಡು ಬೇರೆ ಕಪಾಟಿನಲ್ಲಿ ಇಟ್ಟಿದ್ದಳು. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲವಂತೆ.

ಸರ್ವಮಂಗಳಮ್ಮ ಒಂದು ಚಮಚ ಬಾಯಿಗಿಟ್ಟರು. ಊರು ಬಿಟ್ಟು ಇಷ್ಟು ದೂರ ಬಂದು, ಮಾಡದ ತಪ್ಪಿಗೆ ಕಾವಲಲ್ಲಿ ಕೂತಿರುವ ಹೆಣ್ಣು, ತನ್ನ ಮೇಲೆ ಸಂಶಯಪಡುವವರಿಗೂ ಇಷ್ಟು ಮುತುವರ್ಜಿಯಿಂದ ಬಡಿಸಿದ್ದಳು.

ಆಗ ಅವರ ಕಣ್ಣು ಪಕ್ಕದ ಬಟ್ಟಲಿನ ಮೇಲೆ ಹೋಯಿತು.

ವಿದ್ಯಾಶ್ರೀಯ ಹಳದಿ ದಾರದ ಬಟ್ಟಲಿನಲ್ಲಿ ಸಾರು ತಿಳಿಯಾಗಿತ್ತು, ಮೆಣಸಿನಕಾಯಿಯ ಸುಳಿವೇ ಇರಲಿಲ್ಲ. ಖಾಲಿ ಕುರ್ಚಿಯ ಮುಂದಿನ ಬಿಳಿ ದಾರದ ಬಟ್ಟಲಿನಲ್ಲಿ ಕೆಂಪು ಎಣ್ಣೆ ತೇಲುತ್ತಿತ್ತು.

ಗಂಗೋತ್ರಿಯೂ ನೋಡಿದಳು. "ಅಯ್ಯೋ, ತಲೆ ಕೆಟ್ಟು ಅದಲು ಬದಲು ಮಾಡವ್ಳೆ. ಅವತ್ತಿಂದು ಅಂಗೇ ಮಾಡು ಅಂತ ಬಿಡಿಸಿ ಬಿಡಿಸಿ ಹೇಳಿದ್ದೆ." ಬಟ್ಟಲು ಬದಲಿಸಲು ಕೈ ಚಾಚಿದಳು.

"ಬೇಡ, ಇರಲಿ," ಎಂದರು ಸರ್ವಮಂಗಳಮ್ಮ.

ರಾಮಾಂಜಿಯ ಫೋನು ರಿಂಗಾಯಿತು. ಮಷೀನಿನ ಸದ್ದಿಗೆ ಕೇಳಿಸುವುದಿಲ್ಲವೆಂದು ಅವನು ಎದ್ದು ಮೆಟ್ಟಿಲಿಳಿದು ಹೋದ. ಒಳಗೆ ಈಶ್ವರಮ್ಮನಿಗೂ ಒಂದು ಬಟ್ಟಲು ಕೊಟ್ಟು ಬಾ ಎಂದು ಸರ್ವಮಂಗಳಮ್ಮ ಗಂಗೋತ್ರಿಯನ್ನು ಕಳಿಸಿದರು. ಮೇಜಿನಲ್ಲಿ ಇಬ್ಬರೇ ಉಳಿದರು.

"ವಿದ್ಯಾ, ಹಸಿವಾಗ್ತೈತೇನವ್ವ? ತಿನ್ನು. ಖಾರ ಇಲ್ಲ."

ವಿದ್ಯಾಶ್ರೀ ಚಮಚ ಹಿಡಿದಳು, ಎತ್ತಲಿಲ್ಲ.

"ಒಳಗಿರೋ ಆ ಹೆಣ್ಣಿಗೆ ನಮ್ಮ ಮಾತು ಬರಂಗಿಲ್ಲ ಅಂತಾರ," ಎಂದರು ಸರ್ವಮಂಗಳಮ್ಮ. "ಅವತ್ತಿನಂಗ ಬಡಿಸು ಅಂದ್ರೆ, ಕಂಡದ್ದನ್ನ ಕಂಡಂಗ ಬಡಿಸ್ಯಾಳ. ಅವತ್ತು ನೀನು ಉಂಡಿದ್ದು ಈ ಸಪ್ಪನ್ನ ಊಟ. ಮಾವ ಉಂಡಿದ್ದು ಖಾರದ್ದು. ತೆರೆ ಸಂದಿಯಿಂದ ಆಕಿ ನೋಡ್ಯಾಳ."

"ಇಲ್ರಿ ಅಮ್ಮಾರ. ಆಕಿಗೆ ತಪ್ಪಾಗೇತಿ."

"ಪೊಲೀಸ್ರು ಒಯ್ದ ಬಟ್ಟಲದಾಗ ಅರ್ಧ ಊಟ ಉಳಿದಿತ್ತು. ನಿಮ್ಮ ಮಾವ ಒಂದು ಅಗುಳಾದ್ರೂ ಬಿಟ್ಟಿದ್ದು ನೀನು ಕಂಡೀಯೇನು?"

ವಿದ್ಯಾಶ್ರೀ ತಲೆ ತಗ್ಗಿಸಿದಳು. ಸರ್ವಮಂಗಳಮ್ಮ ನೀರಿನ ಲೋಟವನ್ನು ಅವಳ ಹತ್ತಿರಕ್ಕೆ ಸರಿಸಿ, ಗಾಜಿನಾಚೆಯ ಬೆಟ್ಟ ನೋಡುತ್ತ ಕೂತರು.

ವಿದ್ಯಾಶ್ರೀ ಸಣ್ಣ ದನಿಯಲ್ಲಿ ಹೇಳತೊಡಗಿದಳು. ಹಳದಿ ದಾರದ ಬಟ್ಟಲು ಮುಂದೆ ಬಂದಾಗ ಮೆಣಸಿನಕಾಯಿಯ ಹಬೆಗೇ ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು ಬಂತು. ಹೊಟ್ಟೆ ಹಿಡಿದುಕೊಂಡು ಕೆಮ್ಮಿದಳು. ಮಾವ ತಮ್ಮ ಬಟ್ಟಲನ್ನು ಅವಳ ಕಡೆ ಸರಿಸಿ, ಅವಳದನ್ನು ತಮ್ಮ ಮುಂದೆ ಎಳೆದುಕೊಂಡರು. ಅವಳು ಇನ್ನೂ ಚಮಚ ಕೂಡ ಅದ್ದಿರಲಿಲ್ಲ. ಖಾರಕ್ಕೆ ಅವರ ಮೂಗು ಸೋರಿತು, ಬೆವರಿದರು. ಹುಡುಗಿ ಪ್ರೀತಿಯಿಂದ ಮಾಡಿದ್ದು, ಬಿಟ್ಟರೆ ನೊಂದುಕೊಳ್ಳುತ್ತಾಳೆ ಎಂದು ಪೂರಾ ಉಂಡರು. ನೀರು ಹಾಕಿ ತೊಳೆದು ಕುಡಿದರು. ಅವಳಿಗೆ ಅರ್ಧಕ್ಕಿಂತ ಹೆಚ್ಚು ಸೇರಲಿಲ್ಲ.

"ತೊಳೆದಿಟ್ಟ ಹಳದಿ ದಾರದ ಬಟ್ಟಲು ಎಂಜಲು ಬಟ್ಟಲದ ಜೊತಿಗೆ ಒಳಗ ಹೋತ್ರಿ. ನನ್ನ ಮುಂದಿಂದು ಉಳೀತು. ಪೊಲೀಸ್ರು ಕೇಳಿದಾಗ ಬಿಳಿ ದಾರ ತೋರ್ಸಿ, ಇದ ಮಾವಾರ್ದು ಅಂದೆ."

"ಯಾಕವ್ವ ಹಂಗಂದೆ? ಒಳಗೊಬ್ಬಾಕಿ ಜೈಲಿಗೆ ಹೋಗ್ತಾಳಲ್ಲ."

ಹಳದಿ ದಾರದ ಬಟ್ಟಲಲ್ಲಿ ಏನಿತ್ತೋ ಅದು ಮಾವನಿಗಲ್ಲ, ತನಗೆ ಇಟ್ಟಿದ್ದು ಎಂದು ಮರುದಿನ ಪೊಲೀಸರು ಬಂದು ಕೇಳುವ ಹೊತ್ತಿಗೇ ವಿದ್ಯಾಶ್ರೀಗೆ ಹೊಳೆದಿತ್ತು. ಮೂರು ದಿನದಿಂದ ಮನೆಯಲ್ಲಿ ಹಣ್ಣು ಬಿಟ್ಟು ಬೇರೇನೂ ತಿಂದಿರಲಿಲ್ಲ, ಅದನ್ನೂ ತಾನೇ ಹೆಚ್ಚಿಕೊಂಡು.

"ಆ ಬಟ್ಟಲನ್ನ ನಿನ್ನ ಮುಂದೆ ತಂದಿಟ್ಟವರು ಯಾರು?"

ಕೆಳಗೆ ಮಷೀನುಗಳ ಸದ್ದು ನಿಂತಿತು. ಪಾಳಿ ಮುಗಿದ ಹೆಣ್ಣುಮಕ್ಕಳ ಮಾತು ಮೆಟ್ಟಿಲಲ್ಲಿ ಇಳಿದು ಹೋಯಿತು.

"ನಮ್ಮನಿಯವ್ರು," ಎಂದಳು ವಿದ್ಯಾಶ್ರೀ. "ತೆರಿ ಹಿಂದ ಆಕಿ ಮುಂದನ ಯಾರ ಜೋಡಿನೋ ಫೋನಿನ್ಯಾಗ ಮಾತಾಡಿ, ಆಮ್ಯಾಲ ತಂದಿಟ್ರು."

ಸರ್ವಮಂಗಳಮ್ಮ ಕಣ್ಣು ಮುಚ್ಚಿ ತೆರೆದರು. ತಿಪ್ಪೇಶ. ಕೊಟ್ರಬಸಪ್ಪನವರ ಒಬ್ಬನೇ ಮಗ. ಆಸ್ಪತ್ರೆಯಲ್ಲಿ ಅಪ್ಪನ ಕಾಲು ಹಿಡಿದು ಮಕ್ಕಳ ಹಾಗೆ ಅತ್ತವನು. ತಂದವನೇ ಬೆರೆಸಿದವನು ಎಂದು ಹೇಳಲು ಬರುವುದಿಲ್ಲ ಎಂದು ಅವರು ತಮಗೆ ತಾವೇ ಹೇಳಿಕೊಂಡರು. ತೆರೆಯ ಹಿಂದಿನ ಕಟ್ಟೆಯ ಮೇಲೆ ಬಟ್ಟಲುಗಳಿದ್ದಾಗ ಬಂದು ಹೋದವರು ಎಷ್ಟೋ ಮಂದಿ. ಅವನಿಗೆ ನಿನ್ನ ಮೇಲೆ ಏನು ಸಿಟ್ಟು ಎಂದು ಕೇಳಿದರು. ಸಿಟ್ಟು ಮಾಡುವ ಮನುಷ್ಯನೇ ಅಲ್ಲ, ಅದಕ್ಕೇ ಹೆದರಿಕೆ ಎಂದಳು ವಿದ್ಯಾಶ್ರೀ. ಹುಟ್ಟುವ ಕೂಸಿಗೆ ಅಪ್ಪ ಇಲ್ಲದಂತೆ ಮಾಡಲು ನಾಲಿಗೆ ಬರಲಿಲ್ಲ ಎಂದು ಅತ್ತಳು.

"ಈ ಬಟ್ಟಲು ನೋಡಿದ್ಮ್ಯಾಲ ತಡಕೊಳ್ಳಾಕ ಆಗ್ಲಿಲ್ರಿ. ನಾನು ಆಕೀನ್ನ ಸಿಗಿಸೀನಿ. ಆಕಿ ನನಗ ಖಾರ ಆಗೂದಿಲ್ಲ ಅಂತ ನೆನಪಿಟ್ಟಾಳ."

ಸರ್ವಮಂಗಳಮ್ಮ ಅವಳ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ರಾಮಾಂಜಿಗೆ ಇದನ್ನು ಇಬ್ಬರೂ ಸೇರಿ ಹೇಳೋಣ, ನಾನು ಪಕ್ಕದಲ್ಲೇ ಇರುತ್ತೇನೆ ಎಂದರು. ವಿದ್ಯಾಶ್ರೀ ಕಣ್ಣೊರೆಸಿಕೊಂಡು ಹೂಂ ಎಂದಳು.

ಮೆಟ್ಟಿಲಲ್ಲಿ ಬೂಟಿನ ಸದ್ದು ಕೇಳಿತು. ರಾಮಾಂಜಿ ಒಂದೊಂದು ಮೆಟ್ಟಿಲು ಬಿಟ್ಟು ಹತ್ತಿ ಬರುತ್ತಿದ್ದ. ಮುಖ ತುಂಬ ನಗು.

"ಯಜಮಾನ್ರು ಕಣ್ಣು ಬಿಟ್ರು ಮೇಡಂ. ಮಾತಾಡಿದ್ರು."

ಸರ್ವಮಂಗಳಮ್ಮನ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿತು. ವಿದ್ಯಾಶ್ರೀ ಸೆರಗು ಬಾಯಿಗೊತ್ತಿಕೊಂಡಳು. ಗಂಗೋತ್ರಿ ಒಳಗಿಂದ ಓಡಿ ಬಂದಳು. ರಾಮಾಂಜಿ ಒಂದೇ ಉಸಿರಿಗೆ ಹೇಳಿದ: ನಿದ್ದೆ ಬರುತ್ತಿಲ್ಲವೆಂದು ಮಾತ್ರೆ ನುಂಗುತ್ತಿದ್ದರಂತೆ, ಅವತ್ತು ಮರೆತು ಎರಡೆರಡು ಸಲ ನುಂಗಿಬಿಟ್ಟರಂತೆ. ಬಳ್ಳಾರಿಯ ಪೊಲೀಸರ ಮುಂದೆ ಹೇಳಿಕೆ ಕೊಟ್ಟು ಸಹಿ ಹಾಕಿದ್ದಾರೆ. ಯಾರದೂ ತಪ್ಪಿಲ್ಲ, ಅಡುಗೆ ಮಾಡಿದ ಕೂಸನ್ನು ಬಿಡಿ ಅಂದರಂತೆ.

ಗಂಗೋತ್ರಿ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಒಳಗೆ ಈಶ್ವರಮ್ಮ ಏನೋ ಹೇಳಿ ಜೋರಾಗಿ ನಕ್ಕದ್ದು ಕೇಳಿಸಿತು. ಸರ್ವಮಂಗಳಮ್ಮನಿಗೂ ಆ ಗಳಿಗೆ ನಿಜವಾಗಿ ಹಿತವೆನಿಸಿತು; ಹಳೆಯ ಸ್ನೇಹಿತರು ಬದುಕಿದರು, ತಪ್ಪಿಲ್ಲದ ಹೆಣ್ಣು ಬಚಾವಾದಳು. ಯಾರಿಗೆಂದು ಗೊತ್ತಿಲ್ಲದೆ ಅವರು ಮನಸ್ಸಿನಲ್ಲೇ ಕೈ ಮುಗಿದರು.

ಆಮೇಲೆ ವಿದ್ಯಾಶ್ರೀಯ ಬೆರಳುಗಳು ಮೇಜಿನ ಕೆಳಗೆ ಅವರ ಸೀರೆಯ ನೆರಿಗೆಯನ್ನು ಹಿಡಿದುಕೊಂಡವು.

"ಮಾವಾರು ನಿದ್ದಿ ಮಾತ್ರೆ ತಗೊಳ್ಳೂದ ಇಲ್ರಿ," ಎಂದು ಅವಳು ಉಸುರಿದಳು. "ದಿಂಬಿಗೆ ತಲಿ ಇಟ್ರ ಗೊರಕಿ."

ಸರ್ವಮಂಗಳಮ್ಮನಿಗೆ ತಿಳಿಯಿತು. ಎಚ್ಚರವಾದ ಕೂಡಲೇ ಕೊಟ್ರಬಸಪ್ಪ ಲೆಕ್ಕ ಹಾಕಿದ್ದರು. ಯಾವ ಬಟ್ಟಲು ಉಂಡೆ, ಅದು ಯಾರದು, ತಂದಿಟ್ಟವರು ಯಾರು. ಮಗನನ್ನು ಉಳಿಸಿದರು, ಪರದೇಶದ ಹೆಣ್ಣನ್ನೂ ಉಳಿಸಿದರು. ಆದರೆ ಆಸ್ಪತ್ರೆಯ ಮಂಚದಿಂದ ಸೊಸೆಯನ್ನು ಕಾಯುವುದು ಹೇಗೆ?

"ರಾಮಾಂಜಿ, ಕೇಸು ಈಗಲೇ ಮುಚ್ಚಬೇಡ. ಇನ್ನೊಂದು ಮಾತಿದೆ," ಎಂದು ಅವರು ಶುರುಮಾಡಿದರು.

ಅವನು ತಾಳ್ಮೆಯಿಂದಲೇ ತಡೆದ. ಉಂಡವರೇ ಹೀಗೆ ಹೇಳಿದ ಮೇಲೆ ಕೇಸೇ ಇಲ್ಲ, ಇನ್ನು ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋಗಬಹುದು ಎಂದ. ಅಷ್ಟರಲ್ಲಿ ಹೆಂಡತಿಯನ್ನು ಕರೆದೊಯ್ಯಲು ಮೆಟ್ಟಿಲು ಹತ್ತಿ ಬಂದ ತಿಪ್ಪೇಶನನ್ನು ಕಂಡು ಸರ್ವಮಂಗಳಮ್ಮ ಮಾತು ನುಂಗಿದರು.

ತಿಪ್ಪೇಶ ಬಂದವನೇ ಅವರ ಕಾಲು ಮುಟ್ಟಿದ. ಕಣ್ಣು ಕೆಂಪಾಗಿದ್ದವು. ನಮ್ಮ ಕಷ್ಟದಲ್ಲಿ ಇಷ್ಟು ಓಡಾಡಿದಿರಿ, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದ. ಗಂಗೋತ್ರಿಗೂ ಕೈ ಮುಗಿದು ನಿನ್ನ ಹೋಟೆಲಿಗೆ ತೊಂದರೆಯಾಯಿತು ಕ್ಷಮಿಸು ಎಂದ. ಅದರಲ್ಲಿ ಸುಳ್ಳೆಷ್ಟು ನಿಜವೆಷ್ಟು, ಸರ್ವಮಂಗಳಮ್ಮನಿಗೆ ಅಳೆಯಲಾಗಲಿಲ್ಲ.

"ನಡಿ ವಿದ್ಯಾ, ಮನಿಗೆ ಹೋಗೂಣು," ಎಂದು ಹೆಂಡತಿಯ ಕಡೆ ಕೈ ಚಾಚಿದ.

ವಿದ್ಯಾಶ್ರೀ ಏಳಲಿಲ್ಲ.

"ಅಪ್ಪ ಬರೋತನಕ ಈಕಿ ನನ್ನ ಮನ್ಯಾಗಿರ್ಲಿ ತಿಪ್ಪೇಶ," ಎಂದರು ಸರ್ವಮಂಗಳಮ್ಮ. "ತುಂಬಿದ ಬಸುರಿ. ನಿನಗ ಆಸ್ಪತ್ರಿ ಓಡಾಟ."

"ಯಾಕ್ರಿ ಅಮ್ಮಾರ, ನಿಮಗ್ಯಾಕ ತ್ರಾಸು? ನಾನಿಲ್ಲೇನು?" ಅವನ ದನಿ ಬೆಣ್ಣೆಯಂತಿತ್ತು. ಹೆಂಡತಿಯ ತೋಳು ಹಿಡಿದು ಮೆಲ್ಲಗೆ ಎಬ್ಬಿಸಿದ.

ಆಗ ಬಿದಿರಿನ ತೆರೆ ಸರಿಯಿತು. ಚನ್ನರಿ ಹೊರಗೆ ಬಂದಳು. ಎತ್ತರವಿಲ್ಲದ, ಗಟ್ಟಿ ಮೈಕಟ್ಟಿನ ಹೆಂಗಸು. ಮೂರು ದಿನದ ನಿದ್ದೆಗೇಡಿನಿಂದ ಕಣ್ಣು ಬಾತಿದ್ದವು. ಎದುರಿಗೆ ತೋಳು ಚಾಚಿದ ಗಂಗೋತ್ರಿಯನ್ನು ದಾಟಿ, ರಾಮಾಂಜಿಯನ್ನು ದಾಟಿ ನೇರ ವಿದ್ಯಾಶ್ರೀಯ ಬಳಿ ನಿಂತಳು. ಅವಳ ಇನ್ನೊಂದು ಮುಂಗೈಯನ್ನು ಹಿಡಿದುಕೊಂಡಳು. ಬಿಡಲಿಲ್ಲ.

ಸಂತೋಷಕ್ಕೆ ಹೀಗೆ ಮಾಡುತ್ತಿದ್ದಾಳೆಂದು ರಾಮಾಂಜಿ ನಕ್ಕ. ತಿಪ್ಪೇಶನೂ ನಕ್ಕ. ಆದರೆ ಚನ್ನರಿ ಅವನ ಮುಖದಿಂದ ಕಣ್ಣು ಕೀಳಲಿಲ್ಲ. ನೋಡನೋಡುತ್ತ ಅವನ ನಗು ತುಟಿಯಲ್ಲೇ ಉಳಿದು, ಕಣ್ಣಿಂದ ಇಳಿದುಹೋಯಿತು. ಹೆಂಡತಿಯ ತೋಳಿನ ಮೇಲಿದ್ದ ಅವನ ಕೈ ಸಡಿಲವಾಯಿತು.

ಅವನು ಸರ್ವಮಂಗಳಮ್ಮನ ಕಡೆ ಬಾಗಿ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಕೇಳಿದ.

"ಈಕಿಗೆ ಕನ್ನಡ ಬರ್ತೈತೇನ್ರಿ?"

ಅವರು ಬಾಯಿ ತೆರೆಯುವ ಮೊದಲೇ, ಅವನನ್ನೇ ನೋಡುತ್ತ, ಚನ್ನರಿ ಹೌದೆಂದು ತಲೆಯಾಡಿಸಿದಳು.